ದೇಶದರ್ಶನ: ಬಿಸಿನೀರಿನ ಊರು ರೊಟೊರುವ

ರೊಟೊರುವ ಪಟ್ಟಣವು ಕಣ್ಣಿಗೆ ಕಾಣುವುದಕ್ಕೆ ಮೊದಲೇ ಮೂಗಿಗೆ ತಿಳಿಯುವುದೆಂದು ಅಲ್ಲಿಗೆ ಹೋಗಿಬಂದವರೆಲ್ಲರೂ ಹೇಳುವರು. ಗಂಧಕದ ಆವಿಯು ಅಲ್ಲಿಯ ಉದ್ಯಾನಗಳಲ್ಲಿಯೂ, ಬೀದಿಯ ಮೋರಿಗಳಲ್ಲಿಯೂ, ಕೆಲವೆಡೆ ಮನೆಗಳ ಹಿತ್ತಿಲಲ್ಲಿಯೂ ಎಡೆಬಿಡದೆ ಏಳುತ್ತಿರುವುದು. ಕೊಳೆತ ಮೊಟ್ಟೆಯ ವಾಸನೆಯೆಂದರೆ ಸುಲಭವಾಗಿ ಅರ್ಥವಾದೀತು. ಒಂದೆರಡು ದಿನ ಅಲ್ಲಿ ತಂಗಿದವರಿಗೆ ಅದರ ಅರಿವೇ ತಪ್ಪಿಹೋಗುವುದಂತೆ.

ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ, ಆಕ್ಲೆಂಡ್ ನಗರದಿಂದ ಆಗ್ನೇಯಕ್ಕೆ ಸುಮಾರು 230 ಕಿಲೋಮೀಟರು ದೂರದಲ್ಲಿರುವ ಈ ಊರನ್ನು ಕುರಿತು ಈ ತಿಂಗಳು ಬರೆಯಲು ನಮಗೆ ಎರಡು ಕಾರಣಗಳುಂಟು. ಮಕ್ಕಳೋ ಮೊಮ್ಮಕ್ಕಳೋ ಆ ದೇಶದಲ್ಲಿ ನೆಲಸಿರುವ ಕನ್ನಡ ಕುಟುಂಬಗಳು ಈಗ ಅಪರೂಪವಲ್ಲ. ಅವರನ್ನು ಕಾಣಲು ಹೋಗುವ ತಾಯಿತಂದೆಗಳನ್ನು ಆಕ್ಲೆಂಡಿನಿಂದ ಮೊದಮೊದಲು ಕರೆದೊಯ್ಯುವ ಊರುಗಳಲ್ಲಿ ಇದೂ ಒಂದು. ಇದು ಮೊದಲನೆಯ ಕಾರಣ. ಎರಡನೆಯದು ಇದಕ್ಕಿಂತ ದೊಡ್ಡದು. ದೂರದೇಶದವರು ಹಣ ತೆತ್ತು ನೋಡಬರುವ ಅಲ್ಲಿಯ ಬಿಸಿನೀರೇ ಊರಿನ ಗೃಹಸ್ಥರ ಒಲೆಯೂ ಬಚ್ಚಲೂ ಆಗಿರುವುದು. ನೋಡುವ ನೀರಿಗೂ ಬಳಸುವ ನೀರಿಗೂ ಅಲ್ಲಿ ಒಂದು ಕಾಲದಲ್ಲಿ ವ್ಯಾಜ್ಯವೇ ಹತ್ತಿತು. ಮನೆವಾರ್ತೆ ನಡೆಸುವ ನಮ್ಮ ವಾಚಕರು ಆ ಸಂಗತಿಯನ್ನು ತಿಳಿಯತಕ್ಕದ್ದೆಂದು ನಾವು ಭಾವಿಸುತ್ತೇವೆ.

ಮಾವೊರಿ ಭಾಷೆಯಲ್ಲಿ 'ರೊಟೊ' ಎಂದರೆ ಸರೋವರ, 'ರುವ' ಎಂದರೆ ಎರಡು. ತೆ ಅರಾವ ಎಂಬ ಮಾವೊರಿ ಜನಾಂಗದ ಪೂರ್ವಿಕರು ಈ ಸೀಮೆಯಲ್ಲಿ ಕಂಡ ಎರಡನೆಯ ದೊಡ್ಡ ಸರೋವರವಾದುದರಿಂದ ಈ ಹೆಸರು ಬಂದಿತು. ಸುಮಾರು 80 ಚದರ ಕಿಲೋಮೀಟರು ವಿಸ್ತಾರವಾಗಿದ್ದರೂ ಇದು ಅಷ್ಟೇನೂ ಆಳವಾದುದಲ್ಲ. ಸರಾಸರಿ ಆಳವು ಹತ್ತು ಮೀಟರಿನ ಆಸುಪಾಸು. ಸುಮಾರು 2,40,000 ವರ್ಷಗಳ ಹಿಂದೆ ಇಲ್ಲಿದ್ದ ಅಗ್ನಿಪರ್ವತವು ಸಿಡಿದು, ಒಳಗು ಬರಿದಾಗಿ ನೆಲವು ಕುಸಿಯಲು, ಆ ಕುಳಿಯಲ್ಲಿ ನೀರು ನಿಂತು ಸರೋವರವಾಯಿತೆಂದು ಭೂಗರ್ಭಶಾಸ್ತ್ರಜ್ಞರು ಹೇಳುವರು.

ಆ ಪರ್ವತವು ಹೋದರೂ ಅದರ ಬೇಗೆ ಹೋಗಿಲ್ಲ. ನಮ್ಮ ಹಳೆಯ ಮನೆಗಳ ಬಚ್ಚಲಿನಲ್ಲಿ ಹೂತಿಟ್ಟ ತಾಮ್ರದ ಹಂಡೆಯನ್ನು ವಾಚಕರು ನೆನೆದುಕೊಳ್ಳಲಿ. ಉರಿ ಕಾಣದು, ನೀರು ಮಾತ್ರ ಕಾಯುತ್ತಿರುವುದು. ಇಲ್ಲಿಯೂ ಹಾಗೆಯೇ. ಕೆಲವು ಕಿಲೋಮೀಟರು ಆಳದಲ್ಲಿ ಕರಗಿದ ಶಿಲೆಯುಂಟು. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಇಳಿದು, ಕಾದು, ಬೇರೆ ಬಿರುಕುಗಳಿಂದ ಮೇಲೇರುವುದು. ನೀರು ಸುಮ್ಮನೆ ಉಕ್ಕಿದರೆ ಬಿಸಿಬುಗ್ಗೆ. ಮಣ್ಣಿನೊಡನೆ ಕಲೆತರೆ ಅಂಬಲಿಯಂತೆ ಕೊತಕೊತನೆ ಬೇಯುವ ಕೆಸರಿನ ಮಡು. ಚಿಮ್ಮುಬುಗ್ಗೆಯ ಬಗೆ ಬೇರೆ. ಇಕ್ಕಟ್ಟಾದ ಕೊಳವೆಯ ತಳದಲ್ಲಿರುವ ನೀರು, ಮೇಲಿನ ನೀರಿನ ಭಾರದಿಂದ, 100 ಡಿಗ್ರಿಯನ್ನು ಮೀರಿ ಕಾದರೂ ಕುದಿಯಲಾರದು. ಮೇಲಿನದು ಕೊಂಚ ಹೊರಚೆಲ್ಲಿ ಭಾರ ತಗ್ಗಿದೊಡನೆ ತಳದ ನೀರು ಥಟ್ಟನೆ ಆವಿಯಾಗಿ, ತನ್ನ ಮೇಲಿದ್ದುದೆಲ್ಲವನ್ನೂ ಆಕಾಶಕ್ಕೆ ಎಸೆಯುವುದು. ಇದೆಲ್ಲಕ್ಕೂ ನೆಲದೊಳಗಿನ ನೀರು ತಕ್ಕ ಮಟ್ಟದಲ್ಲಿ, ತಕ್ಕ ಒತ್ತಡದಲ್ಲಿ ನಿಂತಿರಬೇಕು. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕೆಂದು ಕೋರುತ್ತೇವೆ, ಮುಂದೆ ಬೇಕಾಗುವುದು.

ಸರೋವರದ ನಡುವೆ ಮೊಕೊಯ ಎಂಬ ನಡುಗಡ್ಡೆಯುಂಟು. ಅದರ ಕಥೆಯನ್ನು ಅಲ್ಲಿಯ ಮಕ್ಕಳೆಲ್ಲರೂ ಬಲ್ಲರು. ದಡದ ಒಹಾಟದಲ್ಲಿ ಹಿನೆಮೋವ ಎಂಬ ಕುಲೀನಳಾದ ಕನ್ಯೆಯಿದ್ದಳು. ನಡುಗಡ್ಡೆಯ ತುತಾನೆಕಾಯಿಯಲ್ಲಿ ಅವಳ ಮನಸ್ಸು ನೆಟ್ಟಿತ್ತು. ಆದರೆ ಅವನ ಹುಟ್ಟಿನಲ್ಲಿ ಊನವೆಣಿಸಿ ಅವಳ ಬಂಧುಗಳು ಒಪ್ಪಲಿಲ್ಲ. ಅವನು ಸಂಜೆಸಂಜೆಗೂ ಕೊಳಲೂದುವನು. ಇವಳು ದಡದಲ್ಲಿ ಕುಳಿತು ಕೇಳುವಳು. ದೋಣಿ ಹತ್ತಿ ಹೋದಾಳೆಂದು ಬಂಧುಗಳು ದೋಣಿಗಳನ್ನೆಲ್ಲ ದಡದ ಮೇಲಕ್ಕೆ ಎಳೆದಿಟ್ಟರು. ಒಂದು ರಾತ್ರಿ ಅವಳು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಕೊಳಲಿನ ದನಿಯನ್ನೇ ದಾರಿಯಾಗಿ ಮಾಡಿಕೊಂಡು, ಕತ್ತಲೆಯಲ್ಲಿ ಈಜಿ ನಡುಗಡ್ಡೆಗೆ ಸೇರಿದಳು. ಚಳಿಗೆ ನಡುಗುತ್ತಿದ್ದವಳು ಅಲ್ಲಿಯ ಬಿಸಿನೀರಿನ ಮಡುವಿನಲ್ಲಿ ಇಳಿದು ಕುಳಿತಳು. ನೀರಿಗೆ ಬಂದ ಅವನ ಸೇವಕನ ಬುರುಡೆಯನ್ನು ಕಿತ್ತುಕೊಂಡು ಒಡೆದಳು. ಕಾರಣವೇನೆಂದು ನೋಡಲು ಕೊನೆಗೆ ತುತಾನೆಕಾಯಿಯೇ ಬಂದನು. ತೆ ಅರಾವ ಜನರಲ್ಲಿ ಅನೇಕರು ತಮ್ಮ ವಂಶವನ್ನು ಈ ದಂಪತಿಗಳಿಂದ ಎಣಿಸುವರು; ಆದಕಾರಣ ಇದು ಅವರಿಗೆ ಕಥೆಯಷ್ಟೇ ಅಲ್ಲ, ಮನೆತನದ ವೃತ್ತಾಂತವೂ ಅಹುದು. ವೈಕಿಮಿಹಿಯವೆಂಬ ಆ ಬಿಸಿಮಡು ಈಗಲೂ ದ್ವೀಪದ ಮೇಲಿರುವುದು.

ಊರಿನ ಕೀರ್ತಿಯು ಪರದೇಶಗಳಿಗೆ ಹಬ್ಬಿದುದು ಮಾತ್ರ ಈಗ ಇಲ್ಲದ ಒಂದು ವಸ್ತುವಿನಿಂದ. ಆಗ್ನೇಯಕ್ಕಿರುವ ರೊಟೊಮಹಾನ ಸರೋವರದ ದಡದಲ್ಲಿ, ಬಿಸಿನೀರಿನಲ್ಲಿ ಕರಗಿ ಬಂದ ಸಿಲಿಕವು ಪದರಪದರವಾಗಿ ಗಟ್ಟಿಗೊಂಡು, ಎರಡು ಸೋಪಾನಪಂಕ್ತಿಗಳಾಗಿದ್ದುವು. ಒಂದು ಬಿಳಿಯದು, ಮತ್ತೊಂದು ನಸುಗೆಂಪು. ಒಂದೊಂದು ಮೆಟ್ಟಿಲೂ ಒಂದೊಂದು ಕೊಳ. ಮೇಲಿಂದ ಕೆಳಗಿಳಿದಂತೆ ನೀರಿನ ಬಿಸಿ ತಗ್ಗುವುದು. ಯೂರೋಪಿನ ಯಾತ್ರಿಕರು ತಿಂಗಳುಗಟ್ಟಲೆ ಹಡಗಿನಲ್ಲಿ ಬಂದು, ತೆ ವೈರೋವ ಎಂಬ ಹಳ್ಳಿಯಲ್ಲಿ ಇಳಿದು, ತುಹೌರಂಗಿ ಕುಲದವರ ದೋಣಿಗಳಲ್ಲಿ ತಾರವೇರ ಸರೋವರವನ್ನು ದಾಟಿ ಈ ಕೊಳಗಳಲ್ಲಿ ಮೀಯುತ್ತಿದ್ದರು. ಸೋಫಿಯ ಹಿನೆರಂಗಿ ಎಂಬಾಕೆ ದಾರಿ ತೋರುವವರಲ್ಲಿ ಹೆಸರಾದವಳು. 1886ನೆಯ ಮೇ 31ರಂದು ಅವಳೊಡನೆ ದೋಣಿಯಲ್ಲಿದ್ದವರು, ಆ ನೀರಿನಲ್ಲಿ ಯಾರೂ ಅದುವರೆಗೆ ಕಂಡಿರದ ಒಂದು ದೊಡ್ಡ ಯುದ್ಧದ ದೋಣಿಯನ್ನು ಕಂಡೆವೆಂದು ಹೇಳಿದರು. ಹಿರಿಯರು ಅದನ್ನು ಅಪಶಕುನವೆಂದು ಎಣಿಸಿದರು.

ಹನ್ನೊಂದನೆಯ ದಿನ, ಜೂನ್ 10ರ ನಡುರಾತ್ರಿ ಕಳೆದ ಮೇಲೆ, ತಾರವೇರ ಪರ್ವತವು ಸೀಳಿತು. ಬಿರುಕು ಸುಮಾರು 17 ಕಿಲೋಮೀಟರು ಉದ್ದ ಹರಿದು ರೊಟೊಮಹಾನದ ತಳವನ್ನೂ ಒಡೆಯಿತು. ನೀರೂ ಬೆಂಕಿಯೂ ಕೂಡಿ ಸರೋವರವೇ ಸಿಡಿದುಹೋಯಿತು. ಬೂದಿಯೂ ಕೆಸರೂ ಹಳ್ಳಿಗಳನ್ನು ಹೂತುವು. ಸತ್ತವರು ಸುಮಾರು 120 ಮಂದಿ. ಸೋಫಿಯಳ ಮನೆಯ ಮಾಡು ಕಡಿದಾಗಿ ಇಳಿಜಾರಾಗಿದ್ದುದರಿಂದ ಕುಸಿಯದೆ ನಿಂತು, ಒಳಹೊಕ್ಕ ಅರವತ್ತಕ್ಕೂ ಹೆಚ್ಚು ಜನರನ್ನು ಉಳಿಸಿತು. ತೂಹೊಟೊ ಎಂಬ ಮುದಿ ಮಂತ್ರವಾದಿಯನ್ನು ನಾಲ್ಕು ದಿನಗಳ ತರುವಾಯ ಕೆಸರಿನಡಿಯಿಂದ ಅಗೆದು ತೆಗೆದಾಗ ಅವನಿಗಿನ್ನೂ ಉಸಿರಿತ್ತು. ಅನರ್ಥಕ್ಕೆ ಅವನ ಶಾಪವೇ ಕಾರಣವೆಂದು ಹಲವರು ನಂಬಿದ್ದುದರಿಂದ ಅವನನ್ನು ತೆಗೆಯಲು ಮನಸ್ಸು ಮಾಡಿದವರೇ ಕಡಿಮೆ. ಸೋಪಾನಗಳು ಕಾಣದಾದುವು. ಅವುಗಳ ಯಾವುದಾದರೂ ಭಾಗವು ಸರೋವರದಡಿಯಲ್ಲಿಯೋ ಮಣ್ಣಿನಡಿಯಲ್ಲಿಯೋ ಉಳಿದಿರಬಹುದೇ ಎಂದು ವಿದ್ವಾಂಸರು ಇತ್ತೀಚೆಗೂ ವಾದಿಸಿದ್ದಾರೆ. ಅಗೆದು ತೆಗೆದ ತೆ ವೈರೋವದ ಮನೆಗಳನ್ನು 'ಹೂತ ಹಳ್ಳಿ' ಎಂಬ ಹೆಸರಿನಿಂದ ತೋರಿಸುವರು. ಅಲ್ಲಿಗೆ ಹೋಗುವವರು ಅದು ತಮಾಷೆಯ ಸ್ಥಳವಲ್ಲವೆಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಡುವುದು ಲೇಸು. ಮನೆ ಕಳೆದುಕೊಂಡ ತುಹೌರಂಗಿಗಳ ಮಾತು ಮುಂದೆ ಬರುವುದು.

ಆ ಬಿರುಕಿನ ತುದಿಯಲ್ಲಿಯೇ ವೈಮಂಗು ಕಣಿವೆ ಹುಟ್ಟಿತು. ವೈಮಂಗು ಎಂದರೆ ಕಪ್ಪುನೀರು. 1900ರಿಂದ 1904ರ ವರೆಗೆ ಇಲ್ಲಿ ಕೆಸರು ಬೆರೆತ ಕಪ್ಪುನೀರನ್ನು ಕೆಲವೊಮ್ಮೆ 460 ಮೀಟರು ಎತ್ತರಕ್ಕೆ ಎಸೆಯುತ್ತಿದ್ದ ಒಂದು ಚಿಮ್ಮುಬುಗ್ಗೆಯಿತ್ತು; ಲೋಕದಲ್ಲಿ ಅಷ್ಟು ಎತ್ತರಕ್ಕೆ ಚಿಮ್ಮಿದ ಬುಗ್ಗೆ ಮತ್ತೊಂದನ್ನು ಯಾರೂ ಕಂಡಿಲ್ಲ. 1903ರಲ್ಲಿ ತೀರ ಹತ್ತಿರ ನಿಂತಿದ್ದ ನಾಲ್ವರನ್ನು ಅದು ಬಲಿ ತೆಗೆದುಕೊಂಡಿತು. ಈಗ ಅದು ಇಲ್ಲ. 1917ರ ಸ್ಫೋಟದಿಂದಾದ 'ಬಾಣಲೆ ಸರೋವರ'ವೂ, ಹಾಲು ಬೆರೆಸಿದಂತೆ ತಿಳಿನೀಲಿಯಾಗಿ, ಕೆಲವು ವಾರಗಳ ಅಂತರದಲ್ಲಿ ತಾನಾಗಿ ಏರುತ್ತ ಇಳಿಯುತ್ತ ಇರುವ ಇನ್ನೊಂದು ಕುಳಿಯೂ ಇವೆ. ಕಾಲ್ನಡಿಗೆಯಲ್ಲಿ ಕಣಿವೆಯಿಳಿದು ರೊಟೊಮಹಾನದ ದಡವನ್ನು ಮುಟ್ಟಬಹುದು. ಒಂದೇ ದಿನ ಇರುವವರು ಯಾವುದನ್ನು ಬಿಟ್ಟರೂ ಇದನ್ನು ಬಿಡಬಾರದೆಂದು ನಮ್ಮ ಅಭಿಪ್ರಾಯ.

ಹೆಚ್ಚಿನ ಜನರು ಹೋಗುವುದು ಇನ್ನೂ ದಕ್ಷಿಣದ ವೈಒಟಾಪುವಿಗೆ. ಅಲ್ಲಿ 'ಶಾಂಪೇನ್ ಕೊಳ'ವೆಂಬ ಹಸುರುನೀರಿನ ಮಡುವುಂಟು. ನೀರಿನ ಬಿಸಿ ಸುಮಾರು 74 ಡಿಗ್ರಿ. ಸೋಡದಂತೆ ಗುಳ್ಳೆಗಳೇಳುವುದರಿಂದ ಆ ಹೆಸರು. ಅಂಚಿನಲ್ಲಿ ಅರಿಶಿನಕ್ಕೆ ಕುಂಕುಮ ಬೆರೆಸಿ ಬಳಿದಂತೆ ಕಾಣುವ ಬಣ್ಣವು ಪಾಷಾಣ ಮೊದಲಾದ ಧಾತುಗಳು ಗಂಧಕದೊಡನೆ ಕೂಡಿ ಆದುದು. ನೋಟಕ್ಕೆ ಮಂಗಳ, ಗುಣದಲ್ಲಿ ವಿಷ. ಅಲ್ಲಿಯೇ ಲೇಡಿ ನಾಕ್ಸ್ ಎಂಬ ಚಿಮ್ಮುಬುಗ್ಗೆಯನ್ನು ದಿನವೂ ಬೆಳಿಗ್ಗೆ 10 ಗಂಟೆ 15 ನಿಮಿಷಕ್ಕೆ ಸಾಬೂನು ಹಾಕಿ ಎಬ್ಬಿಸುವರು. 1901ರ ಸುಮಾರಿಗೆ ಅಲ್ಲಿ ಶಿಬಿರದಲ್ಲಿದ್ದ ಕೈದಿಗಳು ಬಟ್ಟೆ ಒಗೆಯಲು ಹೋಗಿ ಈ ಗುಟ್ಟನ್ನು ಕಂಡರಂತೆ. ಸಾಬೂನು ನೀರಿನ ಮೇಲ್ಮೈಯ ಬಿಗಿತವನ್ನು ಸಡಿಲಿಸಿದೊಡನೆ ಬುಗ್ಗೆ ನೊರೆಗರೆದು ಏಳುವುದು. ಮಕ್ಕಳಿಗೆ ಇದು ಪರಮಾನಂದ. ಮಲಗಿದವರನ್ನು ತಿವಿದೆಬ್ಬಿಸಿ ಹಾಡೆನ್ನುವಂತಹ ಈ ಪ್ರದರ್ಶನಕ್ಕಿಂತ, ತನ್ನ ಇಷ್ಟ ಬಂದಾಗ ಏಳುವ ಬುಗ್ಗೆಗಾಗಿ ಕಾದು ಕುಳಿತಿರುವುದೇ ನಮಗೆ ಮೇಲೆನಿಸುತ್ತದೆ.

ಅಂತಹ ಬುಗ್ಗೆಗಳಿರುವುದು ಪಟ್ಟಣದ ದಕ್ಷಿಣದ ಅಂಚಿನಲ್ಲಿ, ಫಕರೇವರೇವದಲ್ಲಿ. ತಾರವೇರ ಸಿಡಿದ ಮೇಲೆ ನೆಲೆ ತಪ್ಪಿದ ತುಹೌರಂಗಿಗಳಿಗೆ ಇಲ್ಲಿಯ ಬಂಧುಗಳು ಆಶ್ರಯವಿತ್ತರು. ಸೋಫಿಯಳೂ ಇಲ್ಲಿಗೆ ಬಂದು ಮೊದಲಿನಂತೆ ದಾರಿ ತೋರುವ ವೃತ್ತಿಯನ್ನು ನಡೆಸಿದಳು. ಈ ಹಳ್ಳಿಯು ಪ್ರದರ್ಶನಕ್ಕಾಗಿ ಕಟ್ಟಿದುದಲ್ಲ, ಜನರು ಬಾಳುವ ಊರು. ಬಂಡೆಯ ಬಿರುಕಿನ ಮೇಲೆ ಮರದ ಪೆಟ್ಟಿಗೆಯನ್ನು ಹೂಡಿ, ಅದರೊಳಗೆ ಮಾಂಸವನ್ನೂ ಗೆಣಸನ್ನೂ ಇಟ್ಟು ಮುಚ್ಚಿದರೆ, ನಮ್ಮಲ್ಲಿ ಇಡ್ಲಿ ಬೇಯುವ ಹಾಗೆಯೇ ಆವಿಯಲ್ಲಿ ಬೇಯುವುದು, ಸೌದೆಯ ಗೊಡವೆಯಿಲ್ಲ. ಮುಸುಕಿನ ಜೋಳದ ತೆನೆಯನ್ನು ಚೀಲದಲ್ಲಿ ಕಟ್ಟಿ ಕುದಿಯುವ ಮಡುವಿನಲ್ಲಿ ಅದ್ದಿ ತೆಗೆಯುವರು. ಸಂಜೆ ಮೀಯಲು ಬುಗ್ಗೆಯ ನೀರನ್ನು ಕಾಲುವೆಯಲ್ಲಿ ತಿರುಗಿಸಿ, ಕಲ್ಲಿನ ತೊಟ್ಟಿಗಳಲ್ಲಿ ಆರಿಸಿ ಇಟ್ಟಿರುವರು. ಸೇತುವೆಯ ಕೆಳಗೆ ಮಕ್ಕಳು ಹೊಳೆಯಲ್ಲಿ ನಿಂತು, ಮೇಲಿಂದ ಯಾತ್ರಿಕರು ಎಸೆಯುವ ನಾಣ್ಯಗಳಿಗಾಗಿ ಮುಳುಗುವ ಪದ್ಧತಿ ಬಹುಕಾಲದ್ದು.

ಮಾಕೆರೆತಿ ಎಂಬ ಹೆಣ್ಣುಮಗಳು ಈ ಹಳ್ಳಿಯಲ್ಲಿ ದಾರಿ ತೋರುವವಳಾಗಿದ್ದಳು. 1873ರಲ್ಲಿ ಹುಟ್ಟಿದವಳು; ತಾಯಿ ಮಾವೊರಿ, ತಂದೆ ಆಂಗ್ಲೇಯ. ನಿನ್ನ ಮನೆತನದ ಹೆಸರೇನೆಂದು ಯಾರೋ ಯಾತ್ರಿಕರು ಕೇಳಲು, ಎದುರಿಗೆ ಚಿಮ್ಮುತ್ತಿದ್ದ ಪಾಪಕುರವೆಂಬ ಬುಗ್ಗೆಯನ್ನು ನೋಡಿ, 'ಪಾಪಕುರ' ಎಂದುಬಿಟ್ಟಳಂತೆ. ಅಂದಿನಿಂದ ಅವಳು ಮ್ಯಾಗಿ ಪಾಪಕುರ. 1901ರಲ್ಲಿ, ಮುಂದೆ ಐದನೆಯ ಜಾರ್ಜ್ ದೊರೆಯಾದ ರಾಜಕುಮಾರನಿಗೂ ಅವನ ಪತ್ನಿಗೂ ಊರು ತೋರಿಸಿದವಳು ಅವಳೇ. ತರುವಾಯ ಇಂಗ್ಲೆಂಡಿನಲ್ಲಿ ನೆಲಸಿ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವನ್ನು ಸೇರಿ, ತನ್ನ ಜನರ ಮದುವೆ, ಮಕ್ಕಳ ಪಾಲನೆ, ಅಡುಗೆ, ಮನೆ ಇವುಗಳನ್ನು ಕುರಿತು ತಾನೇ ಪ್ರಬಂಧವನ್ನು ಬರೆದಳು. ಅದನ್ನು ಒಪ್ಪಿಸುವುದಕ್ಕೆ ಕೆಲವೇ ವಾರಗಳ ಮುಂಚೆ, 1930ರಲ್ಲಿ ತೀರಿಕೊಂಡಳು. ಪುಸ್ತಕವು 1938ರಲ್ಲಿ ಅಚ್ಚಾಯಿತು. 2025ರಲ್ಲಿ ಆ ವಿಶ್ವವಿದ್ಯಾಲಯವು ಅವಳಿಗೆ ಮರಣೋತ್ತರವಾಗಿ ಪದವಿಯನ್ನಿತ್ತಿತು.

ಅವಳ ಹೆಸರಿಗೆ ಆಧಾರವಾದ ಬುಗ್ಗೆಯಾದರೋ 1979ರಲ್ಲಿ ನಿಂತುಹೋಯಿತು. ಮೊದಲು ಹೇಳಿದ ವ್ಯಾಜ್ಯವು ಇಲ್ಲಿಯದೇ.

ಪಟ್ಟಣದ ನೆಲವನ್ನು ಕೊರೆದು ಪೈಪಿಳಿಸಿದರೆ ಬಿಸಿನೀರು ತಾನಾಗಿ ಮೇಲೆ ಬರುವುದೆಂಬುದು ಮನೆಯವರಿಗೆ ಬಹುಕಾಲದಿಂದ ತಿಳಿದಿತ್ತು. ಒಬ್ಬರು ಕೊರೆಸಿದರು, ಅದನ್ನು ನೋಡಿ ನೆರೆಯವರು ಕೊರೆಸಿದರು. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು, ಮೀಯಲು, ಒಗೆಯಲು, ಹೋಟೆಲುಗಳ ಕೊಳ ತುಂಬಲು, ಎಲ್ಲಕ್ಕೂ ಅದೇ ನೀರು. ಸೌದೆಯ ಖರ್ಚಿಲ್ಲ, ವಿದ್ಯುತ್ತಿನ ಲೆಕ್ಕವಿಲ್ಲ. 1970ರ ದಶಕದಲ್ಲಿ ಎಣ್ಣೆಯ ಬೆಲೆ ಏರಿದ ಮೇಲಂತೂ ಕೊಳವೆಗಳು ನೂರುಗಟ್ಟಲೆಯಾದುವು. ಬಳಸಿದ ನೀರನ್ನು ಬಂದ ಆಳಕ್ಕೆ ಮರಳಿಸುವವರು ಅಪರೂಪ. ಹೆಚ್ಚಿನವರು ಅದನ್ನು ಮೇಲ್ಮಣ್ಣಿನ ಇಂಗುಗುಂಡಿಗೆ ಬಿಟ್ಟುಬಿಡುತ್ತಿದ್ದರು. ಯಾರೂ ಕಳ್ಳತನ ಮಾಡಲಿಲ್ಲ; ತಮ್ಮ ಹಿತ್ತಿಲಿನ ನೀರನ್ನೇ ತಾವು ತೆಗೆದರು. ಆದರೆ ಹಿತ್ತಿಲುಗಳು ಬೇರೆಯಾದರೂ ಹಂಡೆ ಒಂದೇ. ನೆಲದೊಳಗಿನ ಒತ್ತಡ ತಗ್ಗಿತು. ಫಕರೇವರೇವದ ಬುಗ್ಗೆಗಳು ಒಂದೊಂದಾಗಿ ಸೊರಗಿದುವು. ಹಳ್ಳಿಯವರ ಅಡುಗೆಗೂ ಸ್ನಾನಕ್ಕೂ ಆಧಾರವಾದ ಮಡುಗಳಿಗೂ ಅಪಾಯ ತಟ್ಟಿತು. ಪಾಪಕುರ ನಿಂತಾಗ, ಮುಂದಿನ ಸರದಿ ಪೊಹುತುವಿನದೇ ಎಂದು ಜನರು ಹೆದರಿದರು.

ಹೆದರಿಕೆಗೆ ಕಾರಣವೂ ಇತ್ತು. ರಸ್ತೆಯಲ್ಲಿ ಇನ್ನೂ ದಕ್ಷಿಣಕ್ಕಿರುವ ವೈರಾಕೆಯಲ್ಲಿ 1958ರಲ್ಲಿ ಭೂಶಾಖದಿಂದ ವಿದ್ಯುತ್ತು ಮಾಡುವ ಕಾರ್ಖಾನೆ ಹೊರಟ ತರುವಾಯ ಅಲ್ಲಿಯ ಚಿಮ್ಮುಬುಗ್ಗೆಗಳ ಕಣಿವೆಯು ಬತ್ತಿಹೋಗಿತ್ತು. ಒರಾಕೆಯ್ ಕೊರಾಕೊವಿನ ಬುಗ್ಗೆಗಳಲ್ಲಿ ಬಹುಭಾಗವು 1961ರಲ್ಲಿ ಅಣೆಕಟ್ಟಿನ ನೀರಿನಡಿಗೆ ಹೋಗಿತ್ತು.

1986ರಲ್ಲಿ ಸರ್ಕಾರವು ಕಟ್ಟಾಜ್ಞೆ ಮಾಡಿತು. ಪೊಹುತುವಿನ ಸುತ್ತ ಒಂದೂವರೆ ಕಿಲೋಮೀಟರಿನೊಳಗಿನ ಕೊಳವೆಗಳೆಲ್ಲವನ್ನೂ ಮುಚ್ಚತಕ್ಕದ್ದು. ಉಳಿದವರು ತೆಗೆದ ನೀರಿಗೆ ಸುಂಕ ತೆರತಕ್ಕದ್ದು. ಊರಿನಲ್ಲಿ ದೊಡ್ಡ ಕೋಲಾಹಲವಾಯಿತು. ಹಣ ಹಾಕಿ ಕೊರೆಸಿದ್ದವರ ಸಂಕಟವು ಸುಳ್ಳಲ್ಲ. ನೋಡಲು ಬರುವ ಪರಸ್ಥಳದವರ ಸಲುವಾಗಿ ನಮ್ಮ ಮನೆಯ ಮುದುಕರು ಚಳಿಯಲ್ಲಿ ಕೂರಬೇಕೇ ಎಂದು ಕೇಳಿದ ಗೃಹಿಣಿಗೆ ಸುಲಭವಾದ ಉತ್ತರವಿಲ್ಲ. ಆದರೂ ಹಳ್ಳಿಯವರ ಕಡೆಯಿಂದ ನೋಡಿದರೆ, ಒಮ್ಮೆ ಪರ್ವತಕ್ಕೆ ಊರನ್ನು ಒಪ್ಪಿಸಿ ಬಂದವರು ಎರಡನೆಯ ಸಲ ಪೈಪುಗಳಿಗೆ ಊರನ್ನು ಒಪ್ಪಿಸಬೇಕಾಗಿತ್ತು. ನಮಗೆ ಆಜ್ಞೆಯು ನ್ಯಾಯವೆಂದೇ ತೋರುತ್ತದೆ. ಕಾಲು ಶತಮಾನ ಮುಂಚೆಯೇ ಬಂದಿದ್ದರೆ ಕೊರೆಸುವವರ ಹಣವೂ ಉಳಿಯುತ್ತಿತ್ತು. ನೂರಕ್ಕೂ ಮಿಕ್ಕು ಕೊಳವೆಗಳು ಮುಚ್ಚಿದುವು. ಸುಂಕಕ್ಕೆ ಅಂಜಿ ಇನ್ನೂ ಹಲವರು ತಾವಾಗಿ ಮುಚ್ಚಿದರು. ಒಳಗಿನ ನೀರಿನ ಮಟ್ಟವು ಏರತೊಡಗಿತು. ಊರಿನ ಬಳಕೆಯು ಪೂರ್ತಿಯಾಗಿ ನಿಂತಿಲ್ಲ. ತೆಗೆದ ನೀರನ್ನು ಮತ್ತೆ ಆಳಕ್ಕೆ ಇಳಿಸುವ ಏರ್ಪಾಟು ಬಂದಿತು. ಪೊಹುತುವು ಈಗ ದಿನಕ್ಕೆ ಹಲವು ಬಾರಿ, ಒಮ್ಮೊಮ್ಮೆ 30 ಮೀಟರಿನ ವರೆಗೂ, ಚಿಮ್ಮುವುದು. ಅದಕ್ಕೆ ಮೊದಲು ಪಕ್ಕದ ಕಿರಿಯ ಬುಗ್ಗೆ ಹೊಮ್ಮುವುದು ವಾಡಿಕೆ. ಅದನ್ನು ಕಂಡೊಡನೆ ನೋಡುವವರು ಸಿದ್ಧರಾಗಬೇಕು. ಪಾಪಕುರವು ಮೂವತ್ತಾರು ವರ್ಷ ಮಲಗಿದ್ದು, 2015ರಲ್ಲಿ ಮತ್ತೆ ಎದ್ದಿತು.

ಹೊರಡುವವರಿಗೆ ಕೆಲವು ಮಾತುಗಳು. ಫಕರೇವರೇವದ ಬಯಲಿಗೆ ಎರಡು ದ್ವಾರಗಳುಂಟು: ಒಂದು ಹಳ್ಳಿಯದು, ಇನ್ನೊಂದು ಮಾವೊರಿ ಶಿಲ್ಪಶಾಲೆಯಿರುವ ತೆ ಪುಯವೆಂಬ ಸಂಸ್ಥೆಯದು. ಪೊಹುತುವನ್ನು ಹತ್ತಿರದಿಂದ ನೋಡಬೇಕಾದರೆ ಎರಡನೆಯದು, ಮನೆಗಳನ್ನೂ ಒಲೆಗಳನ್ನೂ ನೋಡಬೇಕಾದರೆ ಮೊದಲನೆಯದು. ಪೇಟೆಯ ನಡುವಿನ ಕುಯಿರಾವ್ ಉದ್ಯಾನಕ್ಕೆ ಹಣವಿಲ್ಲ. ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರುವ ತೊಟ್ಟಿಗಳೂ ಅಲ್ಲುಂಟು. ಸರೋವರದಂಚಿನ ಒಹಿನೆಮುತುವಿನಲ್ಲಿ ಒಂದು ಚರ್ಚು ಇದೆ. ಅದರ ಗಾಜಿನ ಕಿಟಕಿಯಲ್ಲಿ ಮಾವೊರಿ ಮೇಲುಹೊದಿಕೆ ತೊಟ್ಟ ಯೇಸುವಿನ ಚಿತ್ರವನ್ನು ಕೆತ್ತಿರುವರು; ಒಳಗೆ ಕುಳಿತು ನೋಡಿದರೆ ಆಚೆಯ ನೀರಿನ ಮೇಲೆ ನಡೆದುಬರುತ್ತಿರುವಂತೆ ತೋರುವುದು. ಅಂಗಳದಲ್ಲಿ ನೆಲವು ಬಿಸಿಯಾದುದರಿಂದ ಗೋರಿಗಳನ್ನು ನೆಲದ ಮೇಲೆಯೇ ಕಟ್ಟಿದ್ದಾರೆ. 1908ರ ಸ್ನಾನಗೃಹದ ಸೊಗಸಾದ ಕಟ್ಟಡವನ್ನು ಹೊರಗಿನಿಂದಲಾದರೂ ನೋಡಬೇಕು. ಅದರೊಳಗಿನ ಮ್ಯೂಸಿಯಮನ್ನು ಭೂಕಂಪದ ಭಯದಿಂದ 2016ರಲ್ಲಿ ಮುಚ್ಚಿದ್ದರಿಂದ, ಒಳಗೆ ಹೋಗಬಯಸುವವರು ಮುಂಚಿತವಾಗಿ ವಿಚಾರಿಸಿಕೊಳ್ಳತಕ್ಕದ್ದು. ಅಲ್ಲಿಯ ಬೇಸಗೆ ಡಿಸೆಂಬರಿನಿಂದ ಫೆಬ್ರವರಿಯ ವರೆಗೆ. ನಮ್ಮ ಬೇಸಗೆ ರಜೆಯಲ್ಲಿ ಹೋಗುವವರು ಕಂಬಳಿಯನ್ನು ಮರೆಯಬಾರದು. ಕಟ್ಟೆಹಾದಿಯನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಡಕೂಡದು; ಗಟ್ಟಿನೆಲದಂತೆ ಕಾಣುವುದು ಎಷ್ಟೋ ಕಡೆ ತೆಳ್ಳನೆಯ ಹಕ್ಕಳೆ. ಬಿಸಿಕೊಳದಲ್ಲಿ ಮೀಯುವಾಗ ತಲೆಯನ್ನು ಮುಳುಗಿಸಬಾರದು. ಮೂಗಿನ ಮೂಲಕ ಮೆದುಳಿಗೇರುವ ಅತಿಸೂಕ್ಷ್ಮ ಜೀವಿಯೊಂದು ಇಂತಹ ನೀರಿನಲ್ಲಿ ಇರಬಹುದು. ಬೆಳ್ಳಿಯ ಕಾಲುಂಗುರ, ಕುಂಕುಮದ ಭರಣಿ ಮೊದಲಾದುವುಗಳನ್ನು ಆಕ್ಲೆಂಡಿನಲ್ಲಿಯೇ ಬಿಟ್ಟು ಹೋಗುವುದು ಒಳ್ಳೆಯದು. ಗಂಧಕದ ಗಾಳಿಗೆ ಅವು ಕಪ್ಪಾದಾವು. ಹುಣಿಸೆಹಣ್ಣು ಹಾಕಿ ತಿಕ್ಕಿದರೂ ಆ ಕಪ್ಪು ಬೇಗನೆ ಬಿಡದು.